ವರ್ನಾ ಡುಡೆಕ್‌ಳ ಮೊದಲ ತಟ್ಟೆ

ವರ್ನಾ ಡುಡೆಕ್‌ಳ ಎದುರು ನಿಂತು ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ಇನ್ನೂ ನೋಡಿಲ್ಲ. ಆಟದ ಭಾನುವಾರ ಬೆಳಿಗ್ಗೆ ಕ್ರೀಡಾಂಗಣದ ಪಕ್ಕದ ಪಾರ್ಕಿಂಗ್ ಬಯಲಿಗೆ ಬಂದರೆ ಅವಳು ಕಾಣಿಸುತ್ತಾಳೆ. ಸರೋವರದ ಗಾಳಿಗೆ ಬೆನ್ನು ಕೊಟ್ಟು, ಇದ್ದಿಲ ಒಲೆಯ ಮುಂದೆ, ಒಂದು ಕೈಯಲ್ಲಿ ಇಕ್ಕಳ ಹಿಡಿದು, ಇನ್ನೊಂದು ಕೈ ಸೊಂಟದ ಮೇಲಿಟ್ಟು ನಿಂತಿರುತ್ತಾಳೆ. ಒಲೆಯ ಮೇಲೆ ಸಾಸೇಜು ಚಿಟಿಚಿಟಿ ಅನ್ನುತ್ತಿರುತ್ತದೆ. ನಾವು ಹತ್ತು ಹನ್ನೆರಡು ಮಂದಿ ಕೈ ಉಜ್ಜಿಕೊಳ್ಳುತ್ತ ಸುತ್ತ ನಿಂತು ನಮ್ಮ ನಮ್ಮ ಗೋಳು ಹೇಳಿಕೊಳ್ಳುತ್ತೇವೆ. ಯಾರ ವಾರ ಎಲ್ಲರಿಗಿಂತ ಕೆಟ್ಟದಾಗಿ ಕಳೆದಿದೆಯೋ ಅವರಿಗೆ ಮೊದಲ ತಟ್ಟೆ. ತೀರ್ಪು ವರ್ನಾಳದು. ಮೇಲ್ಮನವಿ ಇಲ್ಲ.

ಮೊದಲ ತಟ್ಟೆ ಎಂದರೆ ಬರೀ ಸಾಸೇಜು ಅಂದುಕೊಳ್ಳಬೇಡಿ. ಒಲೆಗೆ ಅತ್ಯಂತ ಹತ್ತಿರದ ಮಡಚು ಕುರ್ಚಿಯೂ ಅದರ ಜೊತೆ ಬರುತ್ತದೆ. ನಮ್ಮ ಪೋರ್ಟ್ ಹ್ಯಾಲೊರನ್‌ನ ಡಿಸೆಂಬರ್ ಚಳಿಯಲ್ಲಿ ಆ ಕುರ್ಚಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಕಾನೂನು ಮಾಡಿದ್ದು ವರ್ನಾಳ ಅಪ್ಪ ಕ್ಯಾಸಿಮಿರ್. ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಗೆ ಕಲ್ಲಿದ್ದಲು ತಳ್ಳುತ್ತಿದ್ದ ಮನುಷ್ಯ. ನಮ್ಮ ಊರಿನ ಅಮೆರಿಕನ್ ಫುಟ್‌ಬಾಲ್ ಟೀಮಿನ ಹೆಸರು ಸ್ಟೋಕರ್ಸ್ ಎಂದಿರುವುದೂ ಅಂಥವರ ನೆನಪಿಗೇ. ಒಂದು ವರ್ಷ ಕಾರ್ಖಾನೆಯ ಅರ್ಧ ಭಾಗ ಮುಚ್ಚಿತು. ಕೆಲಸ ಕಳೆದುಕೊಂಡವರು ಆಟಕ್ಕೇನೋ ಬಂದರು, ಆದರೆ ಜೇಬಿನಲ್ಲಿ ಕೈ ತುರುಕಿಕೊಂಡು ದೂರ ನಿಂತು, ಹಸಿವಿಲ್ಲ ಹಸಿವಿಲ್ಲ ಎಂದರು. ಕ್ಯಾಸಿಮಿರ್‌ಗೆ ರೇಗಿತು. "ಲೋ, ಲೀಗಿನ ಧಣಿಗಳೇ ಏನ್ ಮಾಡ್ತಾರೆ ನೋಡ್ರೋ. ಎಲ್ರಿಗಿಂತ ಕೆಟ್ಟದಾಗಿ ಸೋತ ಟೀಮಿಗೆ ಕಾಲೇಜಿನ ಹುಡುಗರಲ್ಲಿ ಮೊದಲ ಆಯ್ಕೆ ಕೊಡ್ತಾರೆ. ಅಂಥ ಜುಗ್ಗರಿಗೇ ಇಷ್ಟು ಬುದ್ಧಿ ಇದ್ರೆ ನಮಗೇನು ಧಾಡಿ? ಬನ್ನಿ ಇಲ್ಲಿ. ಇವತ್ತಿಂದ ವಾರ ಕೆಟ್ಟೋರು ಮೊದ್ಲು ತಿನ್ನೋದು. ಇದು ದಾನ ಅಲ್ಲ, ರೂಲ್ಸು," ಎಂದ. ರೂಲ್ಸು ಎಂದಮೇಲೆ ಯಾರಿಗೂ ನಾಚಿಕೆಯಾಗಲಿಲ್ಲ. ಅಂದು ಇಕ್ಕಳ ಹಿಡಿದು ಅಪ್ಪನ ಪಕ್ಕ ನಿಂತಿದ್ದ ಹುಡುಗಿಗೆ ಈಗ ಎಪ್ಪತ್ತು ದಾಟಿದೆ.

ಧಣಿಗಳ ಬಗ್ಗೆ ನನಗೆ ಪ್ರೀತಿಯೇನೂ ಇಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ಟಿವಿಯಿಂದ ಬರುವ ದುಡ್ಡನ್ನು ದೊಡ್ಡ ಊರಿನ ಟೀಮಿಗೂ ನಮ್ಮಂಥ ಚಿಲ್ಲರೆ ಊರಿನ ಟೀಮಿಗೂ ಸಮನಾಗಿ ಹಂಚುತ್ತಾರೆ. ಆಟಗಾರರಿಗೆ ಇಷ್ಟಕ್ಕಿಂತ ಹೆಚ್ಚು ಸುರಿಯಬಾರದು ಎಂದು ಎಲ್ಲರಿಗೂ ಒಂದೇ ಗೆರೆ ಎಳೆದಿದ್ದಾರೆ. ಹಾಗಾಗಿಯೇ ಕಾರ್ಖಾನೆ ಹೋಗಿ, ಸಿನಿಮಾ ಮಂದಿರ ಹೋಗಿ, ರೈಲೂ ನಿಂತುಹೋದ ನಮ್ಮ ಊರಿನಲ್ಲಿ ಟೀಮು ಮಾತ್ರ ಉಳಿದಿದೆ. ಈ ದೇಶದ ಶ್ರೀಮಂತರು ಇನ್ಯಾವುದನ್ನಾದರೂ ಹೀಗೆ ಹಂಚಿಕೊಂಡಿದ್ದರೆ ನನಗೆ ತಿಳಿಸಿ, ಟೋಪಿ ತೆಗೆದು ನಮಸ್ಕರಿಸುತ್ತೇನೆ.

ವರ್ನಾ ಬದುಕಿಡೀ ಶಾಲೆಯ ಹಳದಿ ಬಸ್ಸು ಓಡಿಸಿದಳು. ಅಲ್ಲಿಯೂ ಅಪ್ಪನದೇ ಬುದ್ಧಿ. ಊರಾಚೆಯ ತೋಟಗಳ ಮಕ್ಕಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹತ್ತಬೇಕು, ಸಂಜೆ ಎಲ್ಲರಿಗಿಂತ ಕೊನೆಗೆ ಇಳಿಯಬೇಕು. ಇದು ಯಾವ ನ್ಯಾಯ ಎಂದು ಅವಳು ಒಂದು ತಿಂಗಳು ಬಿಟ್ಟು ಒಂದು ತಿಂಗಳು ದಾರಿಯನ್ನೇ ತಿರುವುಮುರುವು ಮಾಡಿದಳು. ಪೇಟೆಯ ಮಕ್ಕಳ ತಾಯಂದಿರು ಮುಖ ಗಂಟಿಕ್ಕಿಕೊಂಡು ಬಂದರೆ, "ಅಕ್ಕಾ, ನಿಮ್ಮ ಮಗೂಗೆ ಒಂದ್ ತಿಂಗಳು ನಿದ್ದೆ ಕಮ್ಮಿ ಆದ್ರೆ ಏನೂ ಆಗಲ್ಲ. ಆ ಕಡೆ ಮಕ್ಕಳು ಹುಟ್ಟಿದಾಗಿಂದ ನಿದ್ದೆ ಮಾಡಿಲ್ಲ," ಎಂದು ಬಾಗಿಲು ಹಾಕಿಕೊಂಡು ಹೊರಟುಬಿಡುತ್ತಿದ್ದಳು. ಗಂಡ ಲೆನಾರ್ಡ್ ಬೇಗ ತೀರಿಕೊಂಡ. ಮಕ್ಕಳಿಲ್ಲ. ಕ್ರೀಡಾಂಗಣದಲ್ಲಿ ಅಪ್ಪ ಬಿಟ್ಟುಹೋದ ಎರಡು ಸೀಟುಗಳಲ್ಲಿ ಒಂದರಲ್ಲಿ ಅವಳು ಕೂರುತ್ತಾಳೆ, ಇನ್ನೊಂದರಲ್ಲಿ ಪಕ್ಕದ ಮನೆಯ ನಾನು. ನನ್ನ ಹೆಸರು ಗಸ್ ಹ್ಲಾವಟಿ. ಬೀಗ, ಮೊಳೆ, ಬಣ್ಣ ಮಾರುವ ಅಂಗಡಿ ಇತ್ತು, ಈಗ ಬರೀ ಬಾಯಿ ಇದೆ.

ಇನ್ನು ಆಝಿ ಮೆಟ್ಸ್‌ಗರ್‌ನ ಹೆಬ್ಬೆರಳಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಆಝಿ ನಮ್ಮ ಗುಂಪಿನ ಕೊಳಾಯಿ ರಿಪೇರಿಯವನು. ಬಾಯಿ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು. ಅವನ ವಾರಗಳೆಲ್ಲ ಚೆನ್ನಾಗಿಯೇ ಕಳೆಯುತ್ತಿದ್ದುದರಿಂದ ಮೊದಲ ತಟ್ಟೆ ಎಂದೂ ಸಿಕ್ಕಿರಲಿಲ್ಲ. ಒಂದು ಚಳಿಗಾಲ ಅವನು ಕಾಲಿಗೆ ತಲೆದಿಂಬಿನಷ್ಟು ಬ್ಯಾಂಡೇಜು ಸುತ್ತಿಕೊಂಡು ಕುಂಟುತ್ತ ಬಂದ. ಸ್ಪ್ಯಾನರ್ ಬಿದ್ದು ಹೆಬ್ಬೆರಳು ಮುರಿದಿದೆ ಎಂದ. ನಾವೆಲ್ಲ ಅಯ್ಯೋ ಪಾಪ ಎಂದೆವು. ವರ್ನಾ ಅವನ ಮುಖವನ್ನೇ ನೋಡಿದಳು.

"ಬಿತ್ತಾ, ಬೀಳಿಸ್ಕೊಂಡ್ಯಾ?"

"ಅಂದ್ರೆ... ಕೈಯಲ್ಲಿತ್ತು... ಮೆತ್ತಗೆ ಬಿಡೋಣ ಅಂತ..." ಆಝಿ ಬಿಟ್ಟ ಬಾಯಿ ಮುಚ್ಚಲಿಲ್ಲ. "ಇಷ್ಟು ಜೋರಾಗಿ ಬೀಳುತ್ತೆ ಅಂತ ನನಗೇನು ಗೊತ್ತು!"

ಬೆರಳು ನಿಜವಾಗಿಯೂ ಮುರಿದಿತ್ತು. ಆದರೂ ಅವನಿಗೆ ಸಿಕ್ಕಿದ್ದು ಕೊನೆಯ ತಟ್ಟೆ, ಅದೂ ಕರಕಲಾದ ಸಾಸೇಜು. ಕ್ರಿಸ್ಮಸ್ ಮುಗಿಯುವವರೆಗೂ ಕುಂಟಿದ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದಿನ ಮಾತು. ಆ ಸಲ ಡಿಸೆಂಬರ್ ಬಂದರೂ ಸ್ಟೋಕರ್ಸ್ ಒಂದೂ ಆಟ ಗೆದ್ದಿರಲಿಲ್ಲ. ಸೆಪ್ಟೆಂಬರಿನಲ್ಲಿ ಬೈದೆವು, ಅಕ್ಟೋಬರಿನಲ್ಲಿ ನಕ್ಕೆವು, ನವೆಂಬರ್ ಹೊತ್ತಿಗೆ ಎಳ್ಳುನೀರು ಬಿಟ್ಟೆವು. ಡಿಸೆಂಬರಿನಲ್ಲಿ ಮಾತ್ರ ಊರಿಗೆ ಊರೇ ಇದ್ದಕ್ಕಿದ್ದಂತೆ ಖುಷಿಯಾಯಿತು. ಕಾರಣ ಟ್ರೇ ಬಾಂಡುರಂಟ್ ಎಂಬ ಕಾಲೇಜು ಹುಡುಗ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಇಡೀ ಆಟವನ್ನು ನಡೆಸುವವನು. ಇಂಥ ಕೈ ಒಂದು ತಲೆಮಾರಿಗೆ ಒಂದೇ ಹುಟ್ಟುವುದು ಎಂದು ಬಲ್ಲವರೆಲ್ಲ ಹೇಳುತ್ತಿದ್ದರು. ಏಪ್ರಿಲಿನಲ್ಲಿ ಹುಡುಗರನ್ನು ಆರಿಸುವ ದಿನ ಯಾರಿಗೆ ಮೊದಲ ಆಯ್ಕೆಯೋ ಬಾಂಡುರಂಟ್ ಅವರವನು. ನಮ್ಮಷ್ಟೇ ದಂಡಪಿಂಡಗಳು ಇನ್ನೊಂದೇ ಟೀಮಿತ್ತು, ದಕ್ಷಿಣದ ಸಬೀನ್ ಬೇ ಊರಿನ ಹೆರನ್ಸ್. ಅವರು ತಮ್ಮ ಆಟಗಳನ್ನೆಲ್ಲ ಮುಗಿಸಿ ಒಂದೇ ಒಂದು ಗೆದ್ದಿದ್ದರು. ಕೊನೆಯ ಆಟವನ್ನೂ ನಾವು ಸೋತರೆ ತಳದಲ್ಲಿ ನಾವೊಬ್ಬರೇ, ಬಾಂಡುರಂಟ್ ನಮ್ಮವನು. ಗೆದ್ದುಬಿಟ್ಟರೆ ಇಬ್ಬರೂ ಸಮ. ಆಗ ಯಾರು ಹೆಚ್ಚು ಸುಲಭದ ಎದುರಾಳಿಗಳ ಕೈಯಲ್ಲಿ ಸೋತಿದ್ದಾರೋ ಅವರೇ ಹೆಚ್ಚು ಕೆಟ್ಟವರು ಎಂದು ಲೀಗು ಹೇಳುತ್ತದೆ. ಆ ಮಾನದಂಡದಲ್ಲಿ ಸಬೀನ್ ಬೇಯವರು ನಮ್ಮನ್ನೂ ಮೀರಿಸಿದ್ದರು, ಬಾಂಡುರಂಟ್ ಅವರ ಪಾಲಾಗುತ್ತಿದ್ದ.

ಒಟ್ಟಿನಲ್ಲಿ ಸೋಲಬೇಕಿತ್ತು. ನಾನೂ ಅದನ್ನೇ ಬಯಸಿದೆ. ಈಗಲೂ ಕೇಳಿದರೆ ಅದರಲ್ಲಿ ತಪ್ಪೇನಿತ್ತು ಎನ್ನುತ್ತೇನೆ.

ತೊಡಕು ವರ್ನಾಳ ಮನೆಯ ಮಹಡಿಯ ಮೇಲಿತ್ತು. ಆಗಸ್ಟಿನಲ್ಲಿ ಅವಳು ಮೇಲಿನ ಕೋಣೆಯನ್ನು ಅರ್ಕನ್ಸಾಸ್ ಕಡೆಯ ಹುಡುಗನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದಳು. ಹೆಸರು ಡೆಸ್ಮಂಡ್ ಟಾಲಿವರ್. ನಮ್ಮ ಟೀಮಿನ ಮೂರನೆಯ ಕ್ವಾರ್ಟರ್‌ಬ್ಯಾಕ್. ಅವನ ವರ್ಷದಲ್ಲಿ ಆರಿಸುವ ದಿನ ಎಲ್ಲ ಟೀಮುಗಳೂ ಸೇರಿ ಇನ್ನೂರಕ್ಕೂ ಹೆಚ್ಚು ಹುಡುಗರನ್ನು ಆರಿಸಿಕೊಂಡವು, ಇವನ ಹೆಸರನ್ನು ಯಾರೂ ಕರೆಯಲಿಲ್ಲ. ವಾರದಿಂದ ವಾರಕ್ಕೆ ಕೆಲಸ. ಮಂಗಳವಾರ ಬೇಡ ಎಂದರೆ ಬುಧವಾರ ಜಾಗ ಖಾಲಿ ಮಾಡಬೇಕು. ಅದಕ್ಕೇ ಅವನು ಸೂಟ್‌ಕೇಸನ್ನು ಬಿಚ್ಚಿಯೇ ಇರಲಿಲ್ಲ. ಒಗೆದ ಬಟ್ಟೆಯನ್ನು ಮಡಚಿ ಅದರೊಳಗೇ ಇಡುತ್ತಿದ್ದ.

"ಬೀರು ಖಾಲಿ ಇದೆಯಲ್ಲೋ, ಅದರಲ್ಲಿಡು," ಎಂದರೆ, "ಇರ್ಲಿ ಮಿಸ್ ವರ್ನಾ, ಅಪಶಕುನ ಆಗತ್ತೆ," ಎನ್ನುತ್ತಿದ್ದ. ಅವನ ಕಡೆ ದೊಡ್ಡ ಹೆಂಗಸರನ್ನು ಹಾಗೇ ಕರೆಯುವುದು. ವರ್ನಾ ಮಾಡಿದ ಎಲೆಕೋಸಿನ ಕಡುಬನ್ನು ಮೊದಲ ದಿನ ಮೂಸಿ ನೋಡಿದವನು ತಿಂಗಳೊಳಗೆ ಪಾತ್ರೆ ಬಳಿಯತೊಡಗಿದ. ಊಟವಾದ ಮೇಲೆ ತಟ್ಟೆ ತೊಳೆಯುವವನು ಅವನೇ. ಅವಳು ಬೇಡವೆಂದರೆ, "ನಮ್ಮಮ್ಮ ಫೋನಲ್ಲಿ ಕೇಳ್ತಾಳೆ, ಸುಳ್ಳು ಹೇಳೋಕಾಗಲ್ಲ," ಎನ್ನುತ್ತಿದ್ದ. ಅವಳಿಗೆ ಹುಡುಗ ಹಿಡಿಸಿದ್ದು ಅಲ್ಲಿ.

ಮೊದಲನೆಯ ಕ್ವಾರ್ಟರ್‌ಬ್ಯಾಕ್‌ನ ಭುಜ ಹೋಯಿತು. ಎರಡನೆಯವನ ಮಂಡಿ ಹೋಯಿತು. ಕೊನೆಯ ಆಟದ ವಾರ ತರಬೇತುದಾರ ಡೆಸ್‌ನನ್ನು ಕರೆದು ಭಾನುವಾರ ನೀನೇ ಆಡು ಎಂದ. ಆ ಸಂಜೆ ನಾನು ವರ್ನಾಳ ಅಡುಗೆಮನೆಯಲ್ಲಿ ಕಾಫಿ ಹೀರುತ್ತ ಕೂತಿದ್ದೆ. ಡೆಸ್ ಬಂದು ಜಾಕೆಟನ್ನೂ ಬಿಚ್ಚದೆ ಹೇಳಿದ. ವರ್ನಾ ಖುಷಿಗೆ ಇಕ್ಕಳದಿಂದ ಒಲೆಗೆ ಎರಡು ಏಟು ಹಾಕಿದಳು. ಅವನು ಮಾತ್ರ ನಗಲಿಲ್ಲ.

"ಮಿಸ್ ವರ್ನಾ, ಪೆಟ್ರೋಲ್ ಬಂಕಲ್ಲಿ ಒಬ್ಬ ನನ್ನ ಕೈ ಕುಲುಕಿದ. ಒಳ್ಳೇದಾಗ್ಲಿ, ಚೆನ್ನಾಗಿ ಸೋಲಪ್ಪ, ಅಂದ. ತಮಾಷೆಗಲ್ಲ, ನಿಜವಾಗ್ಲೂ ಹರಸ್ತಾ ಇದ್ದ."

ನಾನು ಕಾಫಿ ಲೋಟದೊಳಗೆ ನೋಡಿದೆ.

"ನನಗಿರೋದು ಇದೊಂದೇ ಆಟ," ಎಂದ ಡೆಸ್. "ಬೇರೆ ಟೀಮಿನೋರು ನನ್ನ ಹತ್ರ ಏನಿದೆ ಅಂತ ನೋಡೋದು ಇದೊಂದ್ರಲ್ಲೇ. ಇದು ಹಾಳಾದ್ರೆ ಊರಿಗೆ ಹೋಗಿ ಮಾವನ ಅಂಗಡೀಲಿ ಟೈರ್ ಮಾರೋದೇ. ಅದೇನೂ ಅವಮಾನ ಅಲ್ಲ. ಆದ್ರೆ ನಾನು ಟೈರ್ ಮಾರೋಕೆ ಹುಟ್ಟಿದೋನು ಅಂತ ಇನ್ನೂ ನನಗೆ ಅನ್ನಿಸಿಲ್ಲ." ಅವಳ ಕಡೆ ತಿರುಗಿ ಕೇಳಿದ, "ನೀವೂ ನಾನು ಸೋಲ್ಲಿ ಅಂತಾನೇ ಇದೀರಾ?"

ಬೇರೆ ಯಾರಾದರೂ ಛೆ ಛೆ ಎಂದು ಮಾತು ತೇಲಿಸುತ್ತಿದ್ದರು. ವರ್ನಾ ಕುರ್ಚಿ ಎಳೆದುಕೊಂಡು ಕೂತಳು. ಏಳು ವರ್ಷದವಳಿದ್ದಾಗಿನಿಂದ ಅವಳು ಕ್ರೀಡಾಂಗಣದ ಆ ಸೀಟಿನಲ್ಲಿ ಕೂತು ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಾಗಿ ಕಾದಿದ್ದಾಳೆ. ಅವಳ ಅಪ್ಪ ಕಾದು ಕಾದು ಕಣ್ಣು ಮುಚ್ಚಿದ. ಚಾಂಪಿಯನ್‌ಷಿಪ್ ಸುತ್ತಿನ ಆಟವೊಂದು ನಮ್ಮ ಊರಿನಲ್ಲಿ ನಡೆಯುವುದನ್ನು ಅವಳು ಕಂಡೇ ಇಲ್ಲ.

"ಗೊತ್ತಿಲ್ಲ ಮಗು," ಎಂದಳು. "ನಿಜವಾಗ್ಲೂ ಗೊತ್ತಿಲ್ಲ. ನಿನಗೆ ಸುಳ್ಳು ಹೇಳಲ್ಲ."

ಡೆಸ್ ತಲೆಯಾಡಿಸಿ ಮಹಡಿ ಹತ್ತಿದ. ಆ ದಿನ ತಟ್ಟೆ ತೊಳೆಯಲು ಇಳಿದು ಬರಲಿಲ್ಲ. ವರ್ನಾ ತಾನೇ ತೊಳೆದಳು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ನಿನ್ನ ಕಾಫಿ ಆಯ್ತಲ್ಲ, ಎದ್ದು ಹೋಗು," ಎಂದು ನನ್ನ ಮೇಲೆ ಹರಿಹಾಯ್ದಳು.

ಭಾನುವಾರ ನನ್ನ ವ್ಯಾನಿನಲ್ಲಿ ಒಲೆ ಹೇರಿಕೊಂಡು ಹೊರಟೆವು. ಸೇತುವೆ ದಾಟಿದ ಮೇಲೆ, "ಗಸ್, ಬಾಂಡುರಂಟ್ ಬಂದ್ರೆ ನಾನು ಹೋಗೋದ್ರೊಳಗೆ ಒಂದ್ ಸಲ ಆದ್ರೂ ದೊಡ್ಡ ಆಟ ನೋಡಬಹುದು ಅಲ್ವಾ?" ಎಂದಳು.

"ಒಂದ್ ಸಲ ಏನು, ನಾಲ್ಕು ಸಲ," ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಬಯಲಿನಲ್ಲಿ ಜಾತ್ರೆಯಂಥ ಗದ್ದಲ. ಸೋಲಿಗಾಗಿ ಅಷ್ಟು ಸಂಭ್ರಮ ನಾನು ಕಂಡಿರಲಿಲ್ಲ. ಆಝಿ ಹೊಸ ಅಂಗಿಯ ಬೆನ್ನ ಮೇಲೆ ಬಾಂಡುರಂಟ್ ಎಂದು ಬರೆಸಿಕೊಂಡು ಬಂದಿದ್ದ. ನಮ್ಮ ಟೀಮಿಗೆ ಇನ್ನೂ ಬಾರದ ಹುಡುಗನ ಹೆಸರು! ಅವನೇ ಒಲೆಯ ಮುಂದೆ ಬಂದು ಎದೆ ಸೆಟೆಸಿ ನಿಂತ.

"ವರ್ನಾ, ಇವತ್ತು ಗೋಳು ಕೇಳೋ ಕೆಲ್ಸ ಇಲ್ಲ. ಎಲ್ರ ವಾರನೂ ಚೆನ್ನಾಗಿದೆ. ಇನ್ನು ಮೂರು ಗಂಟೇಲಿ ಹುಡುಗ ನಮ್ಮೋನು. ಮೊದಲ ತಟ್ಟೆ ನನಗೇ ಹಾಕಿಬಿಡು, ಆ ಬೆರಳಿನ ಬಾಕಿ ತೀರಲಿ."

ವರ್ನಾ ಅವನ ಬೆನ್ನ ಮೇಲಿನ ಹೆಸರನ್ನು ಓದಿದಳು. ಆಮೇಲೆ ಅವನ ಕಾಲನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ನನಗೆ ಆಗಲೇ ಅನುಮಾನ ಬಂತು. ಅವಳು ಮೊದಲ ಸಾಸೇಜನ್ನು ತೆಗೆದು ತಟ್ಟೆಗಿಟ್ಟು, ಹುರಿದ ಈರುಳ್ಳಿ ಸುರಿದು, ಬೆಳ್ಳಿ ಹಾಳೆ ಸುತ್ತಿದಳು.

"ಇದು ಡೆಸ್‌ಗೆ," ಎಂದಳು. "ಅವನ ವಾರಕ್ಕಿಂತ ಕೆಟ್ಟ ವಾರ ನಿಮ್ಮಲ್ಲಿ ಯಾರದಾದ್ರೂ ಇದ್ರೆ ಹೇಳ್ರೋ. ತಾನು ಆಡೋ ಊರಿನ ಜನಾನೇ ಅವನು ಬೀಳ್ಲಿ ಅಂತ ದೇವರಿಗೆ ಕೈ ಮುಗೀತಾ ಇದಾರೆ."

"ಅಯ್ಯೋ ಮಾರಾಯ್ತಿ! ಲೀಗಿನ ರೂಲ್ಸೇ ಹಾಗಿದೆಯಲ್ಲ. ಸೋತೋರಿಗೆ ಮೊದಲ ಆಯ್ಕೆ. ನಿಮ್ಮಪ್ಪನ ರೂಲ್ಸೂ ಅದೇ ತಾನೆ?"

"ನಮ್ಮಪ್ಪನ ಹೆಸರು ತೆಗೀಬೇಡ. ಬಿದ್ದೋನು ಏಳಲಿ ಅಂತ ಅಪ್ಪ ತಟ್ಟೆ ಇಟ್ಟ. ತಟ್ಟೆ ಸಿಗುತ್ತೆ ಅಂತ ಬೀಳೋನಿಗಲ್ಲ. ನಿನ್ನ ಬೆರಳಿಗೆ ಅವತ್ತು ಏನು ಸಿಕ್ತು? ಇವತ್ತು ಊರಿಗೆ ಊರೇ ಕಾಲ ಮೇಲೆ ಸ್ಪ್ಯಾನರ್ ಬೀಳಿಸ್ಕೊಳ್ಳೋಕೆ ಹೊರಟಿದೆ. ಅದೂ ತನ್ನ ಕಾಲಲ್ಲ, ಆ ಹುಡುಗನ ಕಾಲು!"

ಆಝಿ ಕೆಂಪಗಾದ. "ಹಾಗಾದ್ರೆ ಒಳಗೆ ನಮ್ಮ ಜೊತೆ ಕೂರಬೇಡ. ಹೋಗಿ ಎದುರಾಳಿಗಳ ಕಡೆ ಕೂತ್ಕೋ."

"ನನ್ನ ಟೀಮು ಗೆಲ್ಲಲಿ ಅಂತ ಇರೋಳು ನಾನು. ಎದುರಾಳಿಗಳ ಕಡೆ ಕೂರಬೇಕಾದೋನು ನೀನು."

ಅವಳು ತಟ್ಟೆಯನ್ನು ಆಟಗಾರರ ಬಾಗಿಲಲ್ಲಿದ್ದ ಕಾವಲುಗಾರನ ಕೈಗೆ ಕೊಟ್ಟು ಬಂದಳು. ಚಿಕ್ಕಂದಿನಲ್ಲಿ ಅವನು ಅವಳ ಬಸ್ಸಿನ ತೋಟದ ಕಡೆಯ ಹುಡುಗ, ಹಾಗಾಗಿ ಎದುರಾಡಲಿಲ್ಲ.

ಎದುರಾಳಿಗಳು ಆಗಲೇ ಮುಂದಿನ ಸುತ್ತಿಗೆ ಹೋಗುವುದು ಖಚಿತವಾಗಿದ್ದುದರಿಂದ ತಮ್ಮ ಮುಖ್ಯ ಆಟಗಾರರನ್ನು ಹೊರಗೆ ಕೂರಿಸಿದ್ದರು. ಹಾಗಿದ್ದೂ ಮೊದಲರ್ಧದಲ್ಲಿ ಡೆಸ್ ತಡವರಿಸಿದ. ಅವನೆಸೆದ ಚೆಂಡೊಂದು ನೇರ ಎದುರಾಳಿಯ ಕೈ ಸೇರಿತು. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ಚಪ್ಪಾಳೆ ತಟ್ಟಿತು. ನಮ್ಮ ಹುಡುಗನ ತಪ್ಪಿಗೆ ನಮ್ಮದೇ ಜನರ ಚಪ್ಪಾಳೆ. ಡೆಸ್ ಸುಮ್ಮನೆ ನಿಂತು ಒಮ್ಮೆ ಮೇಲಕ್ಕೆ, ನಮ್ಮೆಲ್ಲರ ಕಡೆ ನೋಡಿದ. ಹೊಡೆದವರನ್ನು ಮಕ್ಕಳು ನೋಡುವ ನೋಟ ಅದು. ಅಲ್ಲಿಯವರೆಗೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ, ಕೈ ಕೆಳಗಿಟ್ಟೆ.

ವರ್ನಾ ಎದ್ದು ನಿಂತಳು. ಅರವತ್ತು ಮಕ್ಕಳ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸುತ್ತಿದ್ದ ಗಂಟಲು ಅದು. "ಡೆಸ್! ನಾನಿದೀನಿ ಕಣೋ ಇಲ್ಲಿ! ಆಡು!" ಹಿಂದಿನಿಂದ ಯಾರೋ ಕೂತ್ಕೊಳ್ಳಮ್ಮ ಎಂದರು. ಕಡಲೆಕಾಯಿ ಸಿಪ್ಪೆ ಅವಳ ಟೋಪಿಯ ಮೇಲೆ ಬಿತ್ತು. ಅವಳು ಕೂರಲಿಲ್ಲ. ಆಟ ಮುಗಿಯುವವರೆಗೂ ಕೂರಲಿಲ್ಲ. ಡೆಸ್‌ಗೆ ಅವಳ ಕೂಗು ಕೇಳಿಸಿತೋ ಇಲ್ಲವೋ, ಅವನೂ ಆಮೇಲೆ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ದ್ವಿತೀಯಾರ್ಧದಲ್ಲಿ ಅವನ ಕೈ ಪಳಗಿತು. ಒಂದು ಎಸೆತ, ಇನ್ನೊಂದು ಎಸೆತ, ನಮ್ಮವರು ಚೆಂಡು ಹಿಡಿದು ಅಂಕದ ಗೆರೆ ದಾಟಿದರು. ಮತ್ತೆ ದಾಟಿದರು. ಕೊನೆಯ ನಿಮಿಷದಲ್ಲಿ ನಾವು ಸ್ವಲ್ಪವೇ ಹಿಂದಿದ್ದೆವು. ಎಸೆಯಲು ಯಾರೂ ಸಿಗದೆ ಡೆಸ್ ಚೆಂಡನ್ನು ಕಂಕುಳಿಗೆ ಒತ್ತಿಕೊಂಡು ತಾನೇ ಓಡಿದ. ಇಬ್ಬರು ಅವನ ಮೇಲೆ ಬಿದ್ದರು. ಮೂವರೂ ಉರುಳಿದ್ದು ಗೆರೆಯ ಆಚೆ. ನಾವು ಗೆದ್ದಿದ್ದೆವು.

ನಾನು ಸೋಲು ಬಯಸಿದವನು ಎಂದೆನಲ್ಲ. ಆದರೆ ನೋಡಿಕೊಂಡಾಗ ನಾನು ಬೆಂಚಿನ ಮೇಲೆ ಹತ್ತಿ ನಿಂತು ಅರಚುತ್ತಿದ್ದೆ. ಆಝಿ ಪಕ್ಕದವನನ್ನು ತಬ್ಬಿಕೊಂಡು ಕುಣಿದ. ಕುಣಿದು ಕುಣಿದು, ಬೆನ್ನ ಮೇಲಿನ ಹೆಸರು ನೆನಪಾಗಿ, ಎರಡೂ ಕೈಯಿಂದ ತಲೆ ಚಚ್ಚಿಕೊಂಡು ಕುಸಿದು ಕೂತ. ಇಡೀ ಕ್ರೀಡಾಂಗಣದ ಕತೆಯೂ ಅದೇ, ಮೊದಲು ಹೋ ಎಂದು ಕಿರುಚಿ, ಆಮೇಲೆ ಅಯ್ಯೋ ಎಂದಿತು.

ಸಬೀನ್ ಬೇಯವರು ಬಾಂಡುರಂಟ್‌ನನ್ನು ಹೊತ್ತುಕೊಂಡು ಹೋದರು. ನಮ್ಮೂರು ವರ್ನಾಳ ಮೇಲೆ ಮುನಿಸಿಕೊಂಡಿತು, ಚೆಂಡು ಎಸೆದದ್ದು ಅವಳೇ ಎಂಬಂತೆ. ಒಂದು ರಾತ್ರಿ ಯಾರೋ ಅವಳ ಅಂಗಳದ ಮೇಪಲ್ ಮರಕ್ಕೆ ತುದಿಯಿಂದ ಬುಡದವರೆಗೆ ಟಾಯ್ಲೆಟ್ ಪೇಪರ್ ಸುತ್ತಿಹೋದರು. ಅವಳು ಏಣಿ ಹಾಕಿ, ಹರಿಯದಂತೆ ಬಿಡಿಸಿ, ಸುರುಳಿ ಸುತ್ತಿ ಒಳಗೊಯ್ದಳು. "ಪಾಪ, ಒಳ್ಳೆ ಜಾತಿದೇ ತಂದಿದಾರೆ. ಬೇಸಿಗೆವರೆಗೂ ಆಗುತ್ತೆ," ಎಂದಳು. ಆಝಿ ಅವಳ ಮನೆಯ ಕೊಳಾಯಿ ಸೋರುತ್ತಿದ್ದರೂ ಬರಲಿಲ್ಲ. ಅದರಿಂದ ಅವಳಿಗೆ ನೋವಾಯಿತು. ತಮಾಷೆಯ ಕೆಳಗೆ ನೋವು ಮುಚ್ಚಿಡುವುದು ಅವಳಿಗೆ ಬರುತ್ತದೆ, ನನ್ನಿಂದ ಮಾತ್ರ ಮುಚ್ಚಿಡಲಾಗುವುದಿಲ್ಲ.

ಹಳೆಯ ತರಬೇತುದಾರನನ್ನು ಕಿತ್ತುಹಾಕಿದರು. ಹೊಸಬ ಬಂದು ಡೆಸ್ ಬೇಡ ಎಂದ. ವಾರದೊಳಗೆ ಡೆಸ್‌ಗೆ ಬೇರೆ ಕಡೆಯಿಂದ ಕರೆ ಬಂತು, ಆ ಒಂದು ಆಟ ನೋಡಿಯೇ. ಎಲ್ಲಿಂದ ಅಂದುಕೊಂಡಿರಿ? ಸಬೀನ್ ಬೇಯಿಂದ. ಬಾಂಡುರಂಟ್‌ನ ಹಿಂದೆ ಎರಡನೆಯವನಾಗಿ, ಹುಡುಗನಿಗೆ ದಾರಿ ತೋರಿಸುತ್ತ ಇರಲು.

ಹೊರಡುವ ದಿನ ವರ್ನಾ ದಾರಿಗೆಂದು ಕಡುಬು ಕಟ್ಟಿಕೊಟ್ಟಳು. "ಆ ಅಂಗಿ ಹಾಕ್ಕೊಂಡು ಇಲ್ಲಿಗೆ ಬಾ, ಆಗ ಗೊತ್ತಾಗುತ್ತೆ. ನಿನಗೆ ಬಯ್ಯೋರಲ್ಲಿ ನಾನೇ ಮೊದ್ಲು," ಎಂದಳು.

"ಗೊತ್ತು ಮಿಸ್ ವರ್ನಾ. ನೀವು ಸುಳ್ಳು ಹೇಳಲ್ಲ," ಎಂದ ಡೆಸ್. ಅವನ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಬೀರು ಖಾಲಿಯೇ ಉಳಿಯಿತು.

ಎರಡನೆಯ ಆಯ್ಕೆಯಲ್ಲಿ ನಮಗೆ ಸಿಕ್ಕಿದ್ದು ಅಯೋವಾದ ಜೋಳದ ಸೀಮೆಯ ಒಬ್ಬ ದೈತ್ಯ, ಬ್ರೆಕನ್ ಹೂಕ್‌ಸ್ಟ್ರಾ. ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಹಿಡಿದು ನೆಲಕ್ಕೆ ಕೆಡವುವುದು ಅವನ ಕೆಲಸ. ಅಂಥವರ ಹೆಸರಿನ ಅಂಗಿ ಯಾರೂ ಕೊಳ್ಳುವುದಿಲ್ಲ. ನಾವು ಮೂಗು ಮುರಿದೆವು. ಆದರೆ ಹುಡುಗ ಸೆಪ್ಟೆಂಬರಿನಲ್ಲಿ ಒಬ್ಬನನ್ನು ಕೆಡವಿದ, ಅಕ್ಟೋಬರಿನಲ್ಲಿ ಸಾಲುಸಾಲಾಗಿ ಕೆಡವಿದ. ಸಂಬಳದ ಗೆರೆ ಎಲ್ಲರಿಗೂ ಒಂದೇ ಆದ್ದರಿಂದ ದೊಡ್ಡ ಊರಿನವರಿಗೆ ಇಟ್ಟುಕೊಳ್ಳಲಾಗದ ಒಬ್ಬ ಹಳೆಯ ಕ್ವಾರ್ಟರ್‌ಬ್ಯಾಕೂ ನಮ್ಮ ಪಾಲಿಗೆ ಬಂದ. ನವೆಂಬರ್ ಹೊತ್ತಿಗೆ ಸ್ಟೋಕರ್ಸ್ ಸೋತದ್ದಕ್ಕಿಂತ ಗೆದ್ದದ್ದು ಹೆಚ್ಚಾಗಿತ್ತು. ಒಂದು ಬೆಳಿಗ್ಗೆ ಆಝಿ ಯಾರೂ ಕರೆಯದೆ ಪೆಟ್ಟಿಗೆ ಹಿಡಿದು ವರ್ನಾಳ ಮನೆಗೆ ಬಂದು ಕೊಳಾಯಿ ಸರಿಮಾಡಿದ. ಇಬ್ಬರೂ ಕೊಳಾಯಿಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲವಂತೆ.

ಲೀಗಿನಲ್ಲಿ ಇನ್ನೊಂದು ಪದ್ಧತಿ ಇದೆ. ಕಳೆದ ವರ್ಷ ತಳ ಹಿಡಿದವರಿಗೆ ಈ ವರ್ಷ ತಮ್ಮಂತೆಯೇ ತಳ ಹಿಡಿದಿದ್ದವರ ಜೊತೆ ಒಂದೆರಡು ಆಟ ಹೆಚ್ಚು ಇಡುತ್ತಾರೆ, ಏಳುವವರಿಗೆ ಸ್ವಲ್ಪ ಸುಲಭವಾಗಲಿ ಎಂದು. ಹಾಗೆ ಆ ನವೆಂಬರಿನಲ್ಲಿ ಸಬೀನ್ ಬೇಯವರು ನಮ್ಮ ಊರಿಗೇ ಬಂದರು.

ಅಂದು ಬೆಳಿಗ್ಗೆ ಒಲೆಯ ಸುತ್ತ ವಿಚಿತ್ರವಾಯಿತು. ಮೊದಲ ತಟ್ಟೆಗೆ ಗಿರಾಕಿಯೇ ಇಲ್ಲ. ವರ್ನಾ ಯಾರ ವಾರ ಕೆಟ್ಟಿದೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದೆವು. "ನಂದೇನೂ ತೊಂದ್ರೆ ಇಲ್ಲಪ್ಪ," ಎಂದ ಒಬ್ಬ. "ನಂದೂ ಪರವಾಗಿಲ್ಲ," ಎಂದೆ ನಾನು. ಆಝಿಯನ್ನು ನೋಡಿದರೆ ಅವನು, "ನನ್ನನ್ಯಾಕೆ ನೋಡ್ತೀರ? ಬೆರಳೆಲ್ಲ ನೆಟ್ಟಗಿದೆ," ಎಂದು ಕಾಲು ಹಿಂದಕ್ಕೆ ಎಳೆದುಕೊಂಡ. ವರ್ನಾ ನಗುತ್ತ ತಟ್ಟೆಗೆ ಬೆಳ್ಳಿ ಹಾಳೆ ಸುತ್ತಿ ಒಲೆಯ ಅಂಚಿಗೆ ಇಟ್ಟಳು. ಅದು ಯಾರಿಗೆ ಎಂದು ನಾವು ಕೇಳಲಿಲ್ಲ. ಡೆಸ್ ಬರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು.

ಹೇಳಿದ ಮಾತಿನಂತೆ ಅವಳು ಒಳಗೆ ಹೋಗಿ ಬೈದಳು. ಬದಿಯಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದ ಡೆಸ್‌ಗೂ ಬೈದಳು. ಅವನು ಅವಳ ಸೀಟಿನ ಕಡೆ ತಿರುಗಿ ಹಲ್ಲು ಕಿರಿದ. ಬಾಂಡುರಂಟ್‌ನ ಪಾಡು ಮಾತ್ರ ನೋಡಲಾಗುತ್ತಿರಲಿಲ್ಲ. ಎಸೆಯಲು ಕೈ ಎತ್ತುವಷ್ಟರಲ್ಲಿ ಹೂಕ್‌ಸ್ಟ್ರಾ ಅವನ ಮೇಲೆ ಬೀಳುತ್ತಿದ್ದ. ಎದ್ದ, ಬಿದ್ದ, ಮತ್ತೆ ಎದ್ದ, ಮತ್ತೆ ಬಿದ್ದ. ನಾವು ಸುಲಭವಾಗಿ ಗೆದ್ದೆವು.

ಆಟ ಮುಗಿದ ಮೇಲೆ ವರ್ನಾ ತಟ್ಟೆಯನ್ನು ಬಿಸಿ ಮಾಡಿಕೊಂಡು, ಹೊರಗಿನ ಟೀಮಿನ ಬಸ್ಸು ನಿಲ್ಲುವ ತಂತಿ ಬೇಲಿಯ ಹತ್ತಿರ ಹೊರಟಳು. ನಾನೂ ಆಝಿಯೂ ಹಿಂದೆ ಹೋದೆವು. ಡೆಸ್ ಬೇಲಿಯ ಗೇಟು ದಾಟಿ ಓಡಿ ಬಂದು ಅವಳನ್ನು ಎತ್ತಿಯೇಬಿಟ್ಟ.

"ಇಳಿಸೋ, ತಟ್ಟೆ ಚೆಲ್ಲುತ್ತೆ! ತಗೋ, ನಿನ್ನ ಊಟ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ಇದು ನಂದಲ್ಲ ಮಿಸ್ ವರ್ನಾ. ನನ್ನ ವಾರ ಚೆನ್ನಾಗಿತ್ತು. ಇನ್ನೂ ಎರಡು ವರ್ಷ ಇರು ಅಂದಿದಾರೆ. ಮನೆ ಮಾಡಿದೀನಿ. ಸೂಟ್‌ಕೇಸ್ ಬಿಚ್ಚಿದೀನಿ." ಆಮೇಲೆ ಹಿಂದಕ್ಕೆ ತಿರುಗಿ ಕರೆದ. "ಟ್ರೇ, ಬಾ ಇಲ್ಲಿ."

ಬಸ್ಸಿನ ಮೆಟ್ಟಿಲ ಬಳಿ ಒಬ್ಬನೇ ನಿಂತಿದ್ದ ಹುಡುಗ ನಿಧಾನವಾಗಿ ಬಂದ. ಟಿವಿಯಲ್ಲಿ ಅಷ್ಟು ದೊಡ್ಡದಾಗಿ ಕಾಣುತ್ತಿದ್ದವನು ಹತ್ತಿರದಿಂದ ಇಪ್ಪತ್ತೆರಡರ ಎಳೆಯ. ತುಟಿ ಒಡೆದಿತ್ತು. ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದ. ಅವನ ಊರಿನವರು ಆಗಲೇ ಫೋನಿನಲ್ಲಿ ಅವನನ್ನು ಹರಿದು ತಿನ್ನುತ್ತಿದ್ದರು ಎಂದು ಡೆಸ್ ಮೆಲ್ಲಗೆ ಹೇಳಿದ. ಹುಡುಗ ನಮ್ಮ ಅಂಗಿಗಳ ಬಣ್ಣ ನೋಡಿ, ಇನ್ನೂ ಬೈಸಿಕೊಳ್ಳಲು ಸಿದ್ಧನಾದವನಂತೆ ತಲೆ ತಗ್ಗಿಸಿ ನಿಂತ.

ವರ್ನಾ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಇವನಂಥವನಿಗಾಗಿಯೇ ತಾನೆ ಅವಳು ಬದುಕಿಡೀ ಕಾದದ್ದು ಎಂದು ನನಗನ್ನಿಸಿತು. ಅವಳು ಬಾಯಿ ತೆರೆಯುವ ಮೊದಲೇ ಆಝಿ ಮುಂದೆ ಬಂದು, ಅವಳ ಕೈಯಿಂದ ತಟ್ಟೆ ತೆಗೆದುಕೊಂಡು, ಬೆಳ್ಳಿ ಹಾಳೆ ಬಿಚ್ಚಿ ಹುಡುಗನ ಮುಂದೆ ಹಿಡಿದ. ಎಷ್ಟು ವರ್ಷ ಆ ತಟ್ಟೆಗೆ ಬಾಯಿ ಬಿಟ್ಟವನು!

"ತಿನ್ನಪ್ಪ," ಎಂದ ಆಝಿ. "ನಾಚ್ಕೋಬೇಡ. ಇದು ದಾನ ಅಲ್ಲ, ರೂಲ್ಸು."

ಬಾಂಡುರಂಟ್ ಅರ್ಥವಾಗದೆ ಡೆಸ್‌ನ ಕಡೆ ನೋಡಿದ. ಡೆಸ್ ತಲೆಯಾಡಿಸಿದ. ಹುಡುಗ ಒಡೆದ ತುಟಿಗೆ ತಾಗದಂತೆ ಬಾಯಿ ಓರೆ ಮಾಡಿ ಕಚ್ಚಿದ. ನಾನು ಓಡಿಹೋಗಿ ಒಲೆಯ ಹತ್ತಿರದ ಕುರ್ಚಿಯನ್ನು ತಂದು ಹಾಕಿದೆ.